ದೀಪ ಹತ್ತಿದರೂ ಮಂಪರು ಇಳಿಯದಿದ್ದರೆ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 38 ವರ್ಷ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ ಪೂರ್ವದಲ್ಲಿ. ಮುಂಬಯಿ ಫೋರ್ಟಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. 8.15ಕ್ಕೆ ಪಂಚ್ ಆಗಬೇಕು. ಅದಕ್ಕೆ 6.34ರ ಲೋಕಲ್ ಹಿಡಿಯಬೇಕು, ಅದಕ್ಕೆ 5 ಗಂಟೆಗೆ ಏಳಬೇಕು. ಏಳುತ್ತೇನೆ, ಆದರೆ ಎದ್ದ ಹಾಗೆ ಆಗುವುದೇ ಇಲ್ಲ. ಹಾಲು ಉಕ್ಕಿ ಹೋಗುವುದನ್ನು ನೋಡುತ್ತಾ ನಿಂತಿರುತ್ತೇನೆ. ಮೊನ್ನೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಠಾಣೆ ಬರುವವರೆಗೂ ತಲೆ ಮಬ್ಬು. ಯಜಮಾನರು ಮುಲುಂಡಿನಲ್ಲಿ ಹೋಟೆಲ್ ಮ್ಯಾನೇಜರ್, ಬರುವಾಗ ಹನ್ನೆರಡು ಆಗುತ್ತದೆ. ಬಡಿಸಿ, ಮಲಗುವಾಗ ಹನ್ನೆರಡೂವರೆ. ಭಾನುವಾರ ಮಾತ್ರ ಒಂಬತ್ತಕ್ಕೆ ಏಳುತ್ತೇನೆ. ಅವತ್ತು ಮಬ್ಬು ಇರುವುದಿಲ್ಲ. ಮಲಗುವ ಕೋಣೆಯ ಕಿಟಕಿ ಪಕ್ಕದ ಬಿಲ್ಡಿಂಗಿನ ಗೋಡೆಗೆ ತೆರೆಯುತ್ತದೆ, ಬೆಳಕೇ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಸೂರ್ಯೋದಯದ ಹಾಗೆ ನಿಧಾನಕ್ಕೆ ಬೆಳಗುವ ಅಲಾರಂ ದೀಪ ತರಿಸಿದೆ. ಯಜಮಾನರಿಗೆ ತೊಂದರೆ ಆಗಬಾರದು ಅಂತ ಕಪಾಟಿನ ಮೇಲೆ ಇಟ್ಟಿದ್ದೇನೆ. 4.30ಕ್ಕೆ ಶುರುವಾಗಿ 5ಕ್ಕೆ ಪೂರ್ತಿ ಬೆಳಗುತ್ತದೆ. ಮೊದಲ ಮೂರು ದಿನ ಚೆನ್ನಾಗಿತ್ತು. ಈಗ ಏನೂ ಇಲ್ಲ. ಇದು ಮೋಸವೇ? ಕಣ್ಣಿಗೆ ಹಾಳೇ? 10,000 ಲಕ್ಸಿನ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ದೀಪ ತೆಗೆದುಕೊಳ್ಳಲು ಆಫೀಸಿನವರು ಹೇಳುತ್ತಾರೆ. ಅತ್ತೆ ಮಾತ್ರ, ‘ನಾವು ಕೋಳಿ ಕೂಗುವಾಗ ಏಳುತ್ತಿರಲಿಲ್ವಾ, ಇದೆಲ್ಲ ಸೋಮಾರಿತನ’ ಅನ್ನುತ್ತಾರೆ. ಒಂಬತ್ತನೇ ಕ್ಲಾಸಿನ ಮಗಳದ್ದೂ ಇದೇ ಗೋಳು, ಅವಳಿಗೂ ದೀಪ ಕೊಡಬಹುದೇ? ಬಿಪಿ, ಶುಗರ್ ಇಲ್ಲ. ಸೀನಿಗೆ ಅಂತ ರಾತ್ರಿ ಒಂದು ಸೆಟ್ರಿಜಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ, ಅಷ್ಟೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷ ಕೂತು ಕಲಿತದ್ದು ಇದು. ಮುಖ್ಯವಾದ ಮಾತನ್ನು ಜನ ಎದ್ದು ಹೊರಡುವಾಗ, ಬಾಗಿಲ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾರೆ. ‘ಮಾತ್ರೆ ಒಂದು, ಅಷ್ಟೆ.’

ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಅದರ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು 8 ಗಂಟೆ ಬೇಕು. ನೀವು ಅದನ್ನು ನುಂಗುವುದು ಮಲಗುವಾಗ, ಅಂದರೆ ಹನ್ನೆರಡೂವರೆಗೆ ಅಂತ ಇಟ್ಟುಕೊಳ್ಳೋಣ. ಅಲಾರಂ ಹೊಡೆಯುವಾಗ ಅರ್ಧಕ್ಕಿಂತ ಜಾಸ್ತಿ ಇನ್ನೂ ರಕ್ತದಲ್ಲೇ ಇರುತ್ತದೆ. ಅದರ ಮೇಲೆ ಎಂಥ ದೀಪ ಹತ್ತಿಸಿದರೂ ಏನು ಬಂತು? ಮಾತ್ರೆ ಕೊಟ್ಟ ಡಾಕ್ಟರನ್ನೇ ಕೇಳಿ. ಸಂಜೆ ಏಳು-ಎಂಟಕ್ಕೆ ತೆಗೆದುಕೊಳ್ಳಬಹುದೇ, ಅಥವಾ ಫೆಕ್ಸೊಫೆನಡಿನ್ ತರಹದ ನಿದ್ದೆ ಕಡಿಮೆ ತರುವ ಮಾತ್ರೆ ಆಗುತ್ತದೆಯೇ, ಈಗಲೂ ದಿನಾ ಬೇಕೇ. ಬಹಳ ಜನ ಮಳೆಗಾಲದಲ್ಲಿ ಶುರು ಮಾಡಿದ್ದನ್ನು ದೀಪಾವಳಿ ಕಳೆದರೂ ನುಂಗುತ್ತಲೇ ಇರುತ್ತಾರೆ. ಕೇಳಿದರೆ, ‘ಅಭ್ಯಾಸ ಆಗಿದೆ ಡಾಕ್ಟ್ರೇ.’

ಇನ್ನು ಸೋಮಾರಿತನದ ಮಾತು. ನಿಮಗೆ ಬೆಳಿಗ್ಗೆ ಆಗುವುದಕ್ಕೂ ಸೋಮಾರಿತನಕ್ಕೂ ಸಂಬಂಧ ಇಲ್ಲ. ಸೋಮಾರಿ ಆದವರು 5 ಗಂಟೆಗೆ ಎದ್ದು ಪಲ್ಯಕ್ಕೆ ಒಂದು ಸಲವೂ ಉಪ್ಪು ಹಾಕುವುದಿಲ್ಲ. ನಿಮಗೆ ನಿದ್ದೆ ಬಿಟ್ಟಿರುತ್ತದೆ, ಎಚ್ಚರ ಬಂದಿರುವುದಿಲ್ಲ. ಇವೆರಡರ ನಡುವೆ ಒಂದು ಸಂದಿ ಇದೆ, ಎಲ್ಲರಿಗೂ ಇದೆ. ಮಿದುಳು ದೀಪದ ಸ್ವಿಚ್ಚಿನ ಹಾಗೆ ಒಂದೇ ಏಟಿಗೆ ಹತ್ತುವುದಿಲ್ಲ. ಕಾಲು ನಡೆಯುತ್ತದೆ, ಕೈ ಕೆಲಸ ಮಾಡುತ್ತದೆ. ಲೆಕ್ಕ ಹಾಕುವ, ಎಚ್ಚರಿಕೆಯಿಂದ ನೋಡುವ, ನಿರ್ಧಾರ ಮಾಡುವ ಭಾಗ ತಡವಾಗಿ ಕೆಲಸಕ್ಕೆ ಬರುತ್ತದೆ. ಸಾಮಾನ್ಯವಾಗಿ 15ರಿಂದ 30 ನಿಮಿಷ. ಕೆಲವರಿಗೆ ಒಂದು ಗಂಟೆ, ಇನ್ನೂ ಜಾಸ್ತಿ.

ನನ್ನದೇ ಒಂದು ಕತೆ ಹೇಳುತ್ತೇನೆ. ಕಲಿಯುವ ದಿನಗಳಲ್ಲಿ, ನೈಟ್ ಡ್ಯೂಟಿ ಕೋಣೆಯಲ್ಲಿ ಮೂರು ಗಂಟೆ ರಾತ್ರಿಗೆ ಫೋನ್ ಬಂತು. ಎತ್ತಿದೆ, ಸಿಸ್ಟರ್ ಕೇಳಿದ್ದಕ್ಕೆ ಉತ್ತರ ಹೇಳಿದೆ, ಇಟ್ಟೆ, ಮಲಗಿದೆ. ಬೆಳಿಗ್ಗೆ ವಾರ್ಡಿಗೆ ಹೋದರೆ ಆ ಸಿಸ್ಟರ್ ನನ್ನನ್ನು ಮೂಲೆಗೆ ಕರೆದು, ‘ರಾತ್ರಿ ನೀವು ಹೇಳಿದ ಡೋಸ್ ನಾನು ಕೊಡಲಿಲ್ಲ, ಸೀನಿಯರ್‌ಗೆ ಫೋನ್ ಮಾಡಿದೆ’ ಅಂದರು. ನನಗೆ ಫೋನ್ ಬಂದದ್ದೇ ನೆನಪಿರಲಿಲ್ಲ. ಆವತ್ತಿನಿಂದ, ಎದ್ದ ತಕ್ಷಣ ಸರಿ ಇರುತ್ತೇನೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಈ ಮಂಪರು ಯಾರಿಗೆ ಜಾಸ್ತಿ? ಗಾಢ ನಿದ್ದೆಯ ನಡುವೆ ಎಬ್ಬಿಸಿದರೆ ಜಾಸ್ತಿ. ನಿದ್ದೆ ಬಾಕಿ ಇದ್ದವರಿಗೆ ಜಾಸ್ತಿ. ದೇಹದ ಒಳಗಡಿಯಾರದ ಪ್ರಕಾರ ಇನ್ನೂ ರಾತ್ರಿ ಇರುವಾಗ ಎದ್ದರೆ ಜಾಸ್ತಿ. ನಿಮಗೆ ಮೂರೂ ಒಟ್ಟಿಗೆ ಕೂಡಿವೆ.

ನೀವು ಅಕೌಂಟ್ಸ್‌ನವರು, ಲೆಕ್ಕದಲ್ಲೇ ನೋಡೋಣ. ವಾರದಲ್ಲಿ ಆರು ರಾತ್ರಿ ನಾಲ್ಕೂವರೆ ಗಂಟೆ, ಅಂದರೆ 27. ಶನಿವಾರ ರಾತ್ರಿ ಎಂಟೂವರೆ. ಒಟ್ಟು 35.5. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ಅಂತ ಹಿಡಿದರೂ 49 ಬೇಕು. ವಾರಕ್ಕೆ 13.5 ಗಂಟೆ ಖೋತಾ. ಭಾನುವಾರದ ಆ ನಿದ್ದೆ ಬರೀ ಬಡ್ಡಿಗೆ ಆಗುತ್ತದೆ, ಅಸಲು ಹಾಗೇ ಉಳಿಯುತ್ತದೆ. ಬೆಳಕು ನಿಮಗೆ ಖಂಡಿತ ಸಹಾಯ ಮಾಡುತ್ತದೆ. ಆದರೆ ಅದು ಗಡಿಯಾರ ತಿರುಗಿಸುವ ಕೀಲಿ. ಸಾಲ ತೀರಿಸುವ ದುಡ್ಡಲ್ಲ. ಈ ವ್ಯತ್ಯಾಸವನ್ನು ದೀಪದ ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಒಳಗಡಿಯಾರ ಅಂದೆನಲ್ಲ, ಅದು ಉಪಮೆ ಅಲ್ಲ. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ ಇದೆ, ಅದರ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪು. ಅದೇ ಗಡಿಯಾರ. ಇಂಥ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲಿ ಇದರ ಒಂದು ಸುತ್ತು 24 ಗಂಟೆಗಿಂತ ಸ್ವಲ್ಪ ಜಾಸ್ತಿ, ಸರಾಸರಿ 24.2 ಗಂಟೆ. ಹಾಗೇ ಬಿಟ್ಟರೆ ದಿನಾ ಒಂದಿಷ್ಟು ನಿಮಿಷ ತಡವಾಗುತ್ತಾ ಹೋಗುತ್ತದೆ. ಬೆಳಗಿನ ಬೆಳಕು ಬಂದು ಅದನ್ನು ಸರಿಯಾದ ಹೊತ್ತಿಗೆ ಎಳೆದು ತರುತ್ತದೆ. ನಿಮ್ಮ ಕೋಣೆಯಲ್ಲಿ ಅದನ್ನು ಎಳೆಯುವವರು ಯಾರೂ ಇಲ್ಲ. ರಾತ್ರಿ ಹನ್ನೆರಡೂವರೆವರೆಗೆ ಟ್ಯೂಬ್‌ಲೈಟ್ ಉರಿಯುತ್ತಾ ಅದನ್ನು ಇನ್ನೂ ತಡಕ್ಕೆ ತಳ್ಳುತ್ತಿದೆ.

ಮೈಬಿಸಿ ದಿನದಲ್ಲೇ ಅತ್ಯಂತ ಕಡಿಮೆ ಆಗುವ ಒಂದು ಹೊತ್ತಿದೆ. ತಾನಾಗಿ ಎಚ್ಚರವಾಗುವ ಸಮಯಕ್ಕೆ ಎರಡು-ಮೂರು ಗಂಟೆ ಮುಂಚೆ ಬರುತ್ತದೆ. ನಿಮಗೆ ಭಾನುವಾರ ಒಂಬತ್ತಕ್ಕೆ ಎಚ್ಚರ. ಬಾಕಿ ನಿದ್ದೆಯ ಪಾಲು ಕಳೆದು ಎಂಟು ಅಂತಿಟ್ಟುಕೊಂಡರೂ ಆ ತಳ ಬರುವುದು 5-6 ಗಂಟೆಗೆ. ಅಂದರೆ ಮೈ ಅತ್ಯಂತ ಜಡವಾಗಿರುವ ಹೊತ್ತಿಗೇ ನೀವು ಹಾಲಿನ ಮುಂದೆ ನಿಂತಿರುತ್ತೀರಿ.

ಇದಕ್ಕೆ ಮುಂಬಯಿಯದೂ ಒಂದು ಪಾಲು ಸೇರಿಸಿ. ನಮ್ಮ ಕೈಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಮುಂಬಯಿ ಇರುವುದು ಸುಮಾರು 73ರಲ್ಲಿ. ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ 39 ನಿಮಿಷ ಹಿಂದೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ಈ ಊರು ಹಲವು ದಶಕ ತನ್ನ ‘ಬಾಂಬೆ ಟೈಮ್’ ಬಿಡಲಿಲ್ಲ. ಹಟ ಅಂತ ಜನ ನಗುತ್ತಾರೆ, ನನಗೇನೋ ಅದರಲ್ಲಿ ನ್ಯಾಯ ಇತ್ತು ಅನಿಸುತ್ತದೆ. ಸೂರ್ಯನ ಲೆಕ್ಕದಲ್ಲಿ ನಿಮ್ಮ 5 ಗಂಟೆ ಅಂದರೆ 4.21. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ 7.10 ದಾಟಿರುತ್ತದೆ, ನಿಮ್ಮ ಗಾಡಿ ಠಾಣೆ ಬಿಟ್ಟಾಗಿರುತ್ತದೆ. ಜೂನ್‌ನಲ್ಲಾದರೆ 6 ಗಂಟೆಗೇ ಬೆಳಕು. ಚಳಿಗಾಲದಲ್ಲಿ ಮಬ್ಬು ಜಾಸ್ತಿ ಅಂತ ನಿಮಗೂ ಅನಿಸಿರಬೇಕು.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಅರ್ಧ ನಿಜ ಇದೆ. ಕೋಳಿ ಕೂಗುವಾಗ ಎದ್ದದ್ದು ನಿಜವೇ. ಅಂದ ಹಾಗೆ ಕೋಳಿ ಬೆಳಕು ನೋಡಿ ಕೂಗುವುದಲ್ಲ. ಅದರೊಳಗೂ ಒಂದು ಗಡಿಯಾರ ಇದೆ, ಬೆಳಕಿಗೆ ಮುಂಚೆಯೇ ಕೂಗುತ್ತದೆ. ಆದರೆ ಅತ್ತೆ ಮಲಗುತ್ತಿದ್ದದ್ದು ಎಷ್ಟಕ್ಕೆ ಅಂತ ಒಮ್ಮೆ ಕೇಳಿ ನೋಡಿ. ಚಿಮಣಿ ದೀಪ ಆರಿಸಿದರೆ ಊರೇ ಕತ್ತಲು. ಎಂಟೂವರೆ, ಒಂಬತ್ತಕ್ಕೆ ಎಲ್ಲರಿಗೂ ನಿದ್ದೆ. ಎದ್ದ ಮೇಲೆ ಮೊದಲ ಕೆಲಸ ಎಲ್ಲಿ? ಅಂಗಳ ಗುಡಿಸುವುದು, ಬಾವಿಕಟ್ಟೆ, ಕೊಟ್ಟಿಗೆ. ಎಲ್ಲ ಬಯಲಿನಲ್ಲಿ. ಕೆಲಸ ಮುಗಿಯುವಷ್ಟರಲ್ಲಿ ಬೆಳಕು ಮುಖದ ಮೇಲೆ. ಈಗ ನಾವು ದುಡ್ಡು ಕೊಟ್ಟು ತರಿಸುವುದು ಅವರಿಗೆ ಪುಕ್ಕಟೆ ಸಿಗುತ್ತಿತ್ತು.

ಹಳೆಯವರಿಗೆಲ್ಲ ಮಂಪರೇ ಇರಲಿಲ್ಲ ಅನ್ನುವುದು ಮಾತ್ರ ಸುಳ್ಳು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರೊಬ್ಬರು ನನ್ನ ಹತ್ತಿರ ಬರುತ್ತಾರೆ. ರಾತ್ರಿ ಹನ್ನೊಂದೂವರೆಗೆ ಟೇಬಲ್ ಜೋಡಿಸಿ ಮಲಗಿದರೆ ನಾಲ್ಕೂವರೆಗೆ ಭಟ್ಟಿ ಹಚ್ಚಬೇಕಿತ್ತಂತೆ. ‘ನಮಗೆಲ್ಲಿಯ ಮಂಪರು’ ಅಂದರು. ಬಲಗೈಯ ಮೇಲೆ ಅಂಗೈಯಗಲ ಸುಟ್ಟ ಕಲೆ ಇತ್ತು. ಅದೇನು ಅಂತ ಕೇಳಿದೆ. ‘ಅದಾ, ಒಂದು ದಿನ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕುದಿಯುವ ನೀರಿನ ಪಾತ್ರೆ ಬಗ್ಗಿಸಿಬಿಟ್ಟೆ’ ಅಂದರು.

ನಿಮ್ಮ ದೀಪಕ್ಕೆ ಬರೋಣ. ಮೋಸ ಅಲ್ಲ. ಏಳುವ ಮುಂಚಿನ ಅರ್ಧ ಗಂಟೆ ನಿಧಾನಕ್ಕೆ ಬೆಳಕು ಏರಿಸಿದರೆ ಎದ್ದಾಗ ಮಂಪರು ಕಡಿಮೆ ಅನಿಸುತ್ತದೆ ಅಂತ ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಮುಚ್ಚಿದ ರೆಪ್ಪೆಯ ಮೂಲಕವೂ ಒಂದಿಷ್ಟು ಬೆಳಕು ಒಳಗೆ ಹೋಗುತ್ತದೆ, ಹೆಚ್ಚಿನಂಶ ಕೆಂಪು ಬಣ್ಣದ್ದು. ಕರ್ಕಶ ಅಲಾರಂ ಗಾಢ ನಿದ್ದೆಯಿಂದ ಕಿತ್ತು ಎಬ್ಬಿಸುತ್ತದೆ. ಬೆಳಕು ನಿದ್ದೆಯನ್ನು ಮೊದಲೇ ತೆಳು ಮಾಡುತ್ತದೆ. ಅದರ ಲಾಭ ಇರುವುದು ಅಲ್ಲೇ. ಗಡಿಯಾರವನ್ನು ತಿರುಗಿಸುವಷ್ಟು ಬಲ ಇಂಥ ದೀಪಕ್ಕೆ ಇಲ್ಲ.

ಆದರೆ ನೀವು ಅದನ್ನು ಇಟ್ಟಿರುವುದು ಕಪಾಟಿನ ಮೇಲೆ. ಇಂಥ ದೀಪಗಳು ತಲೆದಿಂಬಿನ ಹತ್ತಿರ, ಒಂದೂವರೆ ಅಡಿ ದೂರದಲ್ಲಿ, 200-300 ಲಕ್ಸ್ ಕೊಡುತ್ತವೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರು ಅಡಿಯಲ್ಲಿ ಹದಿನಾರನೇ ಒಂದು ಭಾಗ. ನಿಮಗೆ ಸಿಗುತ್ತಿರುವುದು 12-19 ಲಕ್ಸ್ ಇರಬೇಕು. ಅದೂ ಮುಚ್ಚಿದ ಕಣ್ಣಿಗೆ. ಸೊಳ್ಳೆಗೆ ಅಂತ ಮುಸುಕು ಹೊದ್ದು ಮಲಗುವವರಾದರೆ ಆ ದೀಪ ಬೆಳಗುವುದು ಗೋಡೆಗೆ. ಮೊದಲ ಮೂರು ದಿನ ಚೆನ್ನಾಗಿತ್ತು ಅಂದಿರಿ. ಹೊಸ ವಸ್ತು ಬಂದಾಗ ನಾವೂ ಸ್ವಲ್ಪ ಉತ್ಸಾಹದಲ್ಲಿ ಏಳುತ್ತೇವೆ, ಅಲ್ವಾ?

ಕೆಳಗಿಳಿಸಿ, ನಿಮ್ಮ ಕಡೆಯ ಸ್ಟೂಲಿನ ಮೇಲೆ ಇಡಿ. ಯಜಮಾನರು ಮಲಗುವ ಬದಿಗೆ ಒಂದು ರಟ್ಟು ಅಡ್ಡ ನಿಲ್ಲಿಸಿ. ಅವರಿಗೆ ಒಂದು ಕಣ್ಪಟ್ಟಿಯೂ ಆಗುತ್ತದೆ. ಅವರೂ ಹೋಟೆಲಿನಲ್ಲಿ ಹನ್ನೆರಡು ಗಂಟೆ ನಿಂತು ಬಂದವರು, ಅವರ ನಿದ್ದೆ ಕೆಡಿಸಿ ನಿಮ್ಮದನ್ನು ಸರಿ ಮಾಡುವುದರಲ್ಲಿ ಅರ್ಥವಿಲ್ಲ. 4.30ರ ಬದಲು 4.40ಕ್ಕೆ ಶುರು ಮಾಡಿ. ಅದಕ್ಕಿಂತ ಬೇಗ ಬೇಡ. ಮೈಬಿಸಿಯ ಆ ತಳ ಇದೆಯಲ್ಲ, ಅದು ಕಳೆದ ಮೇಲೆ ಬಿದ್ದ ಬೆಳಕು ಗಡಿಯಾರವನ್ನು ಬೇಗಕ್ಕೆ ಎಳೆಯುತ್ತದೆ. ಅದಕ್ಕೆ ಮುಂಚೆ ಬಿದ್ದ ಬೆಳಕು ತಡಕ್ಕೆ ತಳ್ಳುತ್ತದೆ. ನಿಮ್ಮ ಈಗಿನ ಸ್ಥಿತಿಯಲ್ಲಿ 4.30 ಆಗಲಿ 4.40 ಆಗಲಿ ಆ ಗೆರೆಯ ತಪ್ಪು ಬದಿಗೇ ಬೀಳುತ್ತದೆ, ಅದಕ್ಕೇ ಆದಷ್ಟು ತಡವಾಗಿ. ಈ ಸಣ್ಣ ದೀಪದಿಂದ ದೊಡ್ಡ ಹಾನಿ ಇಲ್ಲ. ಆದರೆ ಅದೇ ಹೊತ್ತಿಗೆ 10,000 ಲಕ್ಸಿನ ದೀಪದ ಮುಂದೆ ಕೂತರೆ ಉಲ್ಟಾ ಹೊಡೆಯಬಹುದು. ಆಫೀಸಿನವರು ಹೇಳಿದ್ದನ್ನು ಸದ್ಯಕ್ಕೆ ಬೇಡ ಅನ್ನುವುದು ಅದಕ್ಕೇ.

ಆ ದೊಡ್ಡ ದೀಪ ಹುಟ್ಟಿದ್ದು ಬೇರೆ ಕೆಲಸಕ್ಕೆ. ಚಳಿಗಾಲದಲ್ಲಿ ಹಗಲೇ ಕುಗ್ಗುವ ದೇಶಗಳಲ್ಲಿ ಜನರಿಗೆ ಬರುವ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಯವರು ವಿವರಿಸಿದರು. ಅದಕ್ಕೆ ಬೆಳಕಿನ ಚಿಕಿತ್ಸೆಯೂ ಬಂತು. ಈಗ ರೂಢಿಯಲ್ಲಿರುವುದು ಬೆಳಿಗ್ಗೆ 10,000 ಲಕ್ಸ್, ಅರ್ಧ ಗಂಟೆ. ನಿಜಕ್ಕೂ ಕೆಲಸ ಮಾಡುತ್ತದೆ. ಔಷಧಿಯ ಹಾಗೆ ಕೆಲಸ ಮಾಡುವುದರಿಂದ ಔಷಧಿಯ ಹಾಗೇ ತೊಂದರೆಯೂ ಕೊಡುತ್ತದೆ. ತಲೆನೋವು, ಕಣ್ಣು ಉರಿ, ಸುಮ್ನೆ ಸಿಡಿಮಿಡಿ. ಮೈಗ್ರೇನ್ ಇದ್ದವರಿಗೆ ಜಾಸ್ತಿ. ಬೈಪೋಲಾರ್ ಕಾಯಿಲೆ ಇದ್ದವರಲ್ಲಿ ಮನಸ್ಸನ್ನು ಅತಿ ಉದ್ರೇಕಕ್ಕೆ ಎತ್ತಿಬಿಡಬಹುದು, ಇದು ಸಣ್ಣ ವಿಷಯವಲ್ಲ. ಅಕ್ಷಿಪಟಲದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ತೆಗೆದುಕೊಳ್ಳಲೇಬೇಕಾದರೆ ಯುವಿ ಕಿರಣ ಸೋಸಿದ್ದು ಇರಬೇಕು. ‘10,000 ಲಕ್ಸ್’ ಅಂತ ಬರೆದಿದ್ದರೆ ಎಷ್ಟು ದೂರದಲ್ಲಿ ಅಂತ ನೋಡಿ. ಕೆಲವು ದೀಪಗಳಿಗೆ ಮೂಗು ತಾಗಿಸಿ ಕೂತರೆ ಮಾತ್ರ ಅಷ್ಟು ಬರುತ್ತದೆ.

ಅದೇ ಬೆಳಕು ಹೊರಗೆ ಬಿಟ್ಟಿಯಾಗಿ ಬಿದ್ದಿದೆ. ರಾತ್ರಿ ನಮ್ಮ ಮನೆಯ ಹಾಲ್‌ನಲ್ಲಿ 100 ಲಕ್ಸ್ ಆಸುಪಾಸು. ಚೆನ್ನಾಗಿ ದೀಪ ಹಾಕಿದ ಆಫೀಸಿನಲ್ಲಿ 300-500. ಮೋಡ ಕವಿದ ದಿನವೂ ಹೊರಗೆ ಸಾವಿರಗಳಲ್ಲಿ ಇರುತ್ತದೆ. ಬಿಸಿಲಿನ ದಿನ ನೆರಳಿನಲ್ಲಿ ನಿಂತರೂ 10,000 ದಾಟುತ್ತದೆ. ನೇರ ಬಿಸಿಲು ಒಂದು ಲಕ್ಷದವರೆಗೆ. ನಮ್ಮ ಕಣ್ಣು ಕತ್ತಲಿಗೂ ಬೆಳಕಿಗೂ ಹೊಂದಿಕೊಳ್ಳುವುದರಿಂದ ಈ ಅಜಗಜಾಂತರ ನಮಗೆ ಗೊತ್ತೇ ಆಗುವುದಿಲ್ಲ. ಗಡಿಯಾರಕ್ಕೆ ಗೊತ್ತಾಗುತ್ತದೆ. ಅದಕ್ಕೆಂದೇ ಕಣ್ಣಿನಲ್ಲಿ ಬೇರೆ ಕೋಶಗಳಿವೆ. ನೋಡುವುದಕ್ಕಿಂತ ಹೆಚ್ಚಾಗಿ ಬೆಳಕನ್ನು ಅಳೆಯುವುದೇ ಅವುಗಳ ಕೆಲಸ. 2002ರಲ್ಲಷ್ಟೇ ಅವು ಖಚಿತವಾದದ್ದು. ನೀಲಿ ಬಣ್ಣಕ್ಕೆ ಅವು ಜಾಸ್ತಿ ಚುರುಕು. ಫೋನಿನಲ್ಲಿ ಲಕ್ಸ್ ಅಳೆಯುವ ಆಪ್ ಸಿಗುತ್ತದೆ. ಕರಾರುವಾಕ್ ಅಲ್ಲ, ಆದರೆ ಮನೆಯ ಒಳಗೂ ಟೆರೇಸಿನಲ್ಲೂ ಒಮ್ಮೆ ಹಿಡಿದು ನೋಡಿ. ನನ್ನ ಮಾತಿಗಿಂತ ಅದು ಬೇಗ ನಂಬಿಸುತ್ತದೆ.

ಹಾಗಾದರೆ ಏನು ಮಾಡುವುದು? ಅಡುಗೆಮನೆಯಿಂದ ಶುರು ಮಾಡಿ. ಎದ್ದ ಮೇಲಿನ ಮುಕ್ಕಾಲು ಗಂಟೆ ನೀವು ಇರುವುದು ಅಲ್ಲಿ. ಕಟ್ಟೆಯ ಮೇಲೆ ಇನ್ನೊಂದು 20 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿಸಿ, ‘ಕೂಲ್ ಡೇಲೈಟ್’ ಅಂತ ಕೇಳಿ, 6500 ಕೆಲ್ವಿನ್‌ನದು. ಹಲ್ಲುಜ್ಜಿ ಬಂದ ಕೂಡಲೇ ಎರಡನ್ನೂ ಹಾಕಿ. ಇದರಿಂದ ಪವಾಡ ಆಗುವುದಿಲ್ಲ, ಆದರೆ ಒಂದು ಮಂಕು ಬಲ್ಬಿನಡಿ ಅಕ್ಕಿ ತೊಳೆಯುವುದಕ್ಕಿಂತ ಎಷ್ಟೋ ಮೇಲು. ಮೊದಲ ಇಪ್ಪತ್ತು ನಿಮಿಷ ಬಿಸಿ ಎಣ್ಣೆ, ಈಳಿಗೆಮಣೆ ಎರಡೂ ಬೇಡ. ಡಬ್ಬಿ ತೊಳೆಯುವುದು, ನೀರು ತುಂಬಿಸುವುದು, ಹಿಟ್ಟು ಕಲಸುವುದು ಮೊದಲಿರಲಿ. ಪಲ್ಯದ ತರಕಾರಿ ರಾತ್ರಿಯೇ ಹೆಚ್ಚಿ ಫ್ರಿಜ್ಜಿನಲ್ಲಿಡಿ. ಕಾಫಿ ಕುಡಿಯುವುದಾದರೆ ಎದ್ದ ಕೂಡಲೇ ಕುಡಿಯಿರಿ, ಅದು ಹತ್ತಲು 20-30 ನಿಮಿಷ ಬೇಕು. ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಹೋಗುವ ಅಭ್ಯಾಸ ಇದ್ದರೆ ಮಬ್ಬು ಇಳಿಯುವವರೆಗೆ ರಿಕ್ಷಾ ಹಿಡಿಯಿರಿ. ಗಾಡಿ ತಪ್ಪುತ್ತದೆ ಅಂತ ಹಳಿ ದಾಟುವುದಂತೂ ಕನಸಿನಲ್ಲೂ ಬೇಡ.

ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬರುವವರೆಗೆ ಶೀಟಿನ ಕೆಳಗೆ ನಿಲ್ಲಬೇಡಿ. ಶೀಟು ಮುಗಿಯುವ ತುದಿಗೆ, ಆಕಾಶ ಕಾಣುವಲ್ಲಿ ನಿಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹೊತ್ತಿಗೆ ಒಳ್ಳೆಯ ಬೆಳಕಿರುತ್ತದೆ. ಡಬ್ಬಾದಲ್ಲಿ ಸೀಟು ಸಿಕ್ಕರೆ ಎಡಬದಿಯ ಕಿಟಕಿ ನೋಡಿ. ಠಾಣೆ ದಾಟಿದ ಮೇಲೆ ಗಾಡಿ ದಕ್ಷಿಣಕ್ಕೆ ಹೋಗುತ್ತದೆ, ಪೂರ್ವ ನಿಮ್ಮ ಎಡಕ್ಕೆ ಬರುತ್ತದೆ. ಎಲ್ಲರೂ ಬಿಸಿಲು ಬೇಡ ಅಂತ ಆ ಬದಿ ಬಿಡುವುದುಂಟು, ನಿಮಗೆ ಬೇಕಾಗಿರುವುದು ಅದೇ. ಸೂರ್ಯನನ್ನೇ ದಿಟ್ಟಿಸುವುದು ಬೇಡ, ಹೊರಗೆ ನೋಡುತ್ತಾ ಕೂತರೆ ಸಾಕು. ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿದು ಆಫೀಸಿಗೆ ನಡೆದೇ ಹೋಗಿ. ಚಳಿಗಾಲದಲ್ಲಿ ಆ ಹತ್ತು-ಹದಿನೈದು ನಿಮಿಷವೇ ನಿಮ್ಮ ದೊಡ್ಡ ಡೋಸ್.

ರಾತ್ರಿಯ ಮಾತು ಇದೆಲ್ಲಕ್ಕಿಂತ ದೊಡ್ಡದು. ನಿಮ್ಮ ಮನೆಯ ಕಟ್ಟುಪಾಡಿನೊಳಗೆ ನಾನು ಕೈಹಾಕಬಾರದು, ಆದರೂ ಹೇಳುತ್ತೇನೆ. ಯಜಮಾನರಿಗೆ ಬಡಿಸಲು ಕಾಯುವುದು ನಿಮ್ಮಿಬ್ಬರ ಪ್ರೀತಿಯ ಹೊತ್ತು ಇರಬಹುದು. ದಿನದಲ್ಲಿ ಮಾತಾಡಲು ಸಿಗುವುದೇ ಆಗ. ಅದನ್ನು ಪೂರ್ತಿ ಬಿಡಿ ಅನ್ನುತ್ತಿಲ್ಲ. ವಾರಕ್ಕೆ ನಾಲ್ಕು ದಿನ ಊಟ ಹಾಟ್‌ಬಾಕ್ಸಿನಲ್ಲಿಟ್ಟು ಹತ್ತೂವರೆಗೆ ಮಲಗಿ. ನಾಲ್ಕು ರಾತ್ರಿಗೆ ಎಂಟು ಗಂಟೆ ನಿದ್ದೆ ವಾಪಸ್ ಬಂತು. ಲೆಕ್ಕ ನೀವೇ ಹಾಕಿ. ಮೊದಲ ವಾರ ಹತ್ತೂವರೆಗೆ ನಿದ್ದೆ ಬರುವುದಿಲ್ಲ, ಗಡಿಯಾರ ಇನ್ನೂ ತಡದಲ್ಲಿರುತ್ತದೆ. ಮೂರು-ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಮಾಡುತ್ತಾ ಬನ್ನಿ. ಒಂಬತ್ತರ ನಂತರ ಹಾಲ್‌ನ ಟ್ಯೂಬ್‌ಲೈಟ್ ಆರಿಸಿ ಒಂದು ಹಳದಿ ಬಲ್ಬ್ ಹಾಕಿ, ‘ವಾರ್ಮ್ ವೈಟ್’. ಮನೆಯ ಸಾಧಾರಣ ಬೆಳಕು ಸಹ ನಿದ್ದೆಯ ಹಾರ್ಮೋನು ಮೆಲಟೋನಿನ್ ಏಳದಂತೆ ತಡೆಯುತ್ತದೆ. ಫೋನಿನ ನೀಲಿ ಬೆಳಕನ್ನು ಎಲ್ಲರೂ ಬೈಯುತ್ತಾರೆ. ನನ್ನ ಅನುಭವದಲ್ಲಿ ಜನರನ್ನು ಎಚ್ಚರ ಇಡುವುದು ಅದರ ಬೆಳಕಿಗಿಂತ ಅದರೊಳಗಿನ ರೀಲ್ಸ್.

ಭಾನುವಾರ ಒಂಬತ್ತರವರೆಗೆ ಮಲಗಿದರೆ ಆರು ದಿನ ಎಳೆದು ತಂದ ಗಡಿಯಾರ ಮತ್ತೆ ತಡಕ್ಕೆ ಜಾರುತ್ತದೆ. ಆರೂವರೆ-ಏಳಕ್ಕೆ ಎದ್ದು ಟೆರೇಸಿಗೆ ಹೋಗಿ, ಚಹಾ ಅಲ್ಲೇ ಕುಡಿಯಿರಿ, ಅರ್ಧ ಗಂಟೆ. ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಊಟವಾದ ಮೇಲೆ ಮಲಗಿ. ವಿಟಮಿನ್ ಡಿಯೂ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟು ಬೆಳಿಗ್ಗೆ ಅದಕ್ಕೆ ಬೇಕಾದ ಕಿರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕಿಟಕಿಯ ಗಾಜಂತೂ ಅದನ್ನು ಒಳಗೇ ಬಿಡುವುದಿಲ್ಲ. ಮನೆಯ ದೀಪದಿಂದ ಕಣ್ಣು ಹಾಳಾಗುತ್ತದೆ ಅನ್ನುವುದೂ ಹಾಗೇ. ಟೆರೇಸಿನಲ್ಲಿ ಕಾಣುವ ಆಕಾಶ ನಿಮ್ಮ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ. ಒಂದೇ ಎಚ್ಚರಿಕೆ: ಡಾಕ್ಸಿಸೈಕ್ಲಿನ್ ಮಾತ್ರೆ ನಡೆಯುತ್ತಿದ್ದರೆ, ಮಳೆಗಾಲದಲ್ಲಿ ನೆರೆನೀರಿನಲ್ಲಿ ನಡೆದವರಿಗೆ ಲೆಪ್ಟೊ (ಇಲಿಜ್ವರ) ಬರಬಾರದೆಂದು ಕೊಡುತ್ತಾರಲ್ಲ ಅದು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ.

ಇಷ್ಟೆಲ್ಲ ಮಾಡಿ, ಏಳು ಗಂಟೆ ಮಲಗಿಯೂ ಮಬ್ಬು ಹಾಗೇ ಇದ್ದರೆ ದೀಪದ ಸಹವಾಸ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಮೊದಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ಹೆಂಗಸರಲ್ಲಿ ಶೇ 57 ಜನರಿಗೆ ರಕ್ತಹೀನತೆ ಕಂಡಿತ್ತು. ಥೈರಾಯ್ಡ್, ಬಿ12 ಕೂಡ ನೋಡಿಸಿ. ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ಕಟ್ಟುತ್ತದೆಯೇ ಅಂತ ಯಜಮಾನರನ್ನು ಕೇಳಿ. ಬೆಳಿಗ್ಗೆ ತಲೆನೋವಿನೊಂದಿಗೆ ಏಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಯಾವುದರಲ್ಲೂ ಮನಸ್ಸಿಲ್ಲ, ಏಳುವುದೇ ಬೇಡ ಅನಿಸುತ್ತಿದ್ದರೆ ಅದು ಬರೀ ನಿದ್ದೆಯ ವಿಷಯ ಅಲ್ಲದಿರಬಹುದು.

ಮಗಳಿಗೆ ಬೈಯಬೇಡಿ. ಹದಿವಯಸ್ಸಿನಲ್ಲಿ ಒಳಗಡಿಯಾರವೇ ತಡಕ್ಕೆ ಸರಿಯುತ್ತದೆ, ಹತ್ತಕ್ಕೆ ಮಲಗು ಅಂದರೆ ಅವಳಿಗೆ ನಿದ್ದೆ ಬರುವುದಿಲ್ಲ. ಅವಳಿಗೆ 8ರಿಂದ 10 ಗಂಟೆ ಬೇಕು. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ನಾಲ್ಕನೇ ತರಗತಿವರೆಗಿನ ಶಾಲೆಗಳು 9 ಗಂಟೆಗೆ ಮುಂಚೆ ಶುರುವಾಗಬಾರದು ಅಂದಿತು. ಒಳ್ಳೆಯದೇ. ನನ್ನನ್ನು ಕೇಳಿದ್ದರೆ ಎಂಟು-ಒಂಬತ್ತು-ಹತ್ತರ ಮಕ್ಕಳಿಂದ ಶುರು ಮಾಡಿ ಅನ್ನುತ್ತಿದ್ದೆ. ನಿಮ್ಮ ದೀಪವನ್ನು ಅವಳ ಕೋಣೆಯಲ್ಲೂ ಧಾರಾಳ ಇಡಬಹುದು, ತಲೆಯ ಹತ್ತಿರ, ಏಳುವ ಇಪ್ಪತ್ತು ನಿಮಿಷ ಮುಂಚೆ. 10,000 ಲಕ್ಸಿನದು ಮಾತ್ರ ಬೇಡ. ರಾತ್ರಿ ಓದುವ ಟೇಬಲ್ಲಿನ ದೀಪ ಪುಸ್ತಕದ ಮೇಲೆ ಬೀಳಲಿ, ಅವಳ ಕಣ್ಣಿಗೆ ಅಲ್ಲ. ಶಾಲೆಗೆ ನಡೆದು ಹೋಗುವಷ್ಟು ದೂರವಾದರೆ ರಿಕ್ಷಾ ಬಿಡಿಸಿ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಅಲಾರಂ, ದೀಪ ಎರಡನ್ನೂ ಇಡದೆ ಮಲಗಿ. ತಾನಾಗಿ ಎಷ್ಟಕ್ಕೆ ಎಚ್ಚರವಾಯಿತು ಅಂತ ನನಗೆ ಬರೆಯಿರಿ. ಏಳರ ಒಳಗೆ ಅಂದರೆ ಗಡಿಯಾರ ಸರಿದಿದೆ. ಇನ್ನೂ ಒಂಬತ್ತೇ ಅಂದರೆ ಮಾತ್ರೆಯ ಚೀಟಿ, ರಕ್ತದ ರಿಪೋರ್ಟು ಜೊತೆಗಿಟ್ಟು ಬರೆಯಿರಿ.